ಹೊಸ್ತಿಲ ಕಾವಲು

ಮನೆಗಳ್ಳತನಕ್ಕೆ ಕನ್ನಡದ ಹಳೆಯ ಮಾತು ‘ಕನ್ನ ಹಾಕುವುದು’. ಕನ್ನ ಎಂದರೆ ಗೋಡೆಯಲ್ಲಿ ಕೊರೆದ ತೂತು. ಕೊರೆಯುವ ಆಯುಧ ಕನ್ನಗತ್ತರಿ. ಆ ಕಾಲದ ಮನೆಗೆ ಗೋಡೆ ಮಣ್ಣಿನದು, ಬಾಗಿಲು ಮಾತ್ರ ಹಲಸಿನ ಅಥವಾ ತೇಗದ ದಪ್ಪ ಹಲಗೆಯದು. ಬಾಗಿಲ ಹಿಂದೆ ಗೋಡೆಯ ಗೂಡಿನಿಂದ ಎಳೆದು ಅಡ್ಡ ಹಾಕುವ ಅಗಳಿ. ನಾಲ್ಕು ಜನ ಹೆಗಲು ಕೊಟ್ಟರೂ ಅಲುಗದ ಆ ಬಾಗಿಲ ತಂಟೆಗೆ ಕಳ್ಳ ಹೋಗುತ್ತಿರಲಿಲ್ಲ. ಹಿತ್ತಲ ಕಡೆ, ಮಳೆಗೆ ನೆನೆದು ಮೆತ್ತಗಾದ ಗೋಡೆಯನ್ನು ಹುಡುಕುತ್ತಿದ್ದ. ಇಂದಿನ ಮನೆಯಲ್ಲಿ ಲೆಕ್ಕ ತಿರುವುಮುರುವಾಗಿದೆ. ಗೋಡೆ ಇಟ್ಟಿಗೆ-ಸಿಮೆಂಟಿನದು, ಬಾಗಿಲು ತೆಳು ಪ್ಲೈವುಡ್ಡಿನ ಫ್ಲಶ್ ಡೋರು, ಅದರ ಚಿಲಕವನ್ನು ಹಿಡಿದಿರುವುದು ನಾಲ್ಕು ಗಿಡ್ಡ ಸ್ಕ್ರೂಗಳು. ಪೊಲೀಸ್ ಕಡತದಲ್ಲಿ ಇಂದಿಗೂ ‘ಹಗಲು ಕನ್ನಗಳವು’, ‘ರಾತ್ರಿ ಕನ್ನಗಳವು’ ಎಂದೇ ಬರೆಯುತ್ತಾರೆ. ಗೋಡೆ ಕೊರೆಯುವ ಕಷ್ಟ ಮಾತ್ರ ಕಳ್ಳನಿಗೆ ಉಳಿದಿಲ್ಲ.

ಹಳೆಯ ಬಾಗಿಲನ್ನೇ ತಂದು ನಿಲ್ಲಿಸಿದರೆ ಸಮಸ್ಯೆ ತೀರುತ್ತದೆಯೇ? ತೀರುವುದಿಲ್ಲ. ಬಾಗಿಲಿಗಿಂತ ದೊಡ್ಡದೊಂದು ಬದಲಾವಣೆ ಆಗಿಹೋಗಿದೆ. ಅವರವರ ಮನೆಯನ್ನು ಅವರವರೇ ಕಾದುಕೊಳ್ಳಬೇಕು ಎಂಬ ತಿಳಿವಳಿಕೆ ಕನ್ನಡ ನಾಡಿಗೆ ತೀರಾ ಹೊಸದು. ಹಿಂದೆ ಮನೆಯನ್ನು ಊರು ಕಾಯುತ್ತಿತ್ತು.

ಇದಕ್ಕೆ ಸಾಕ್ಷಿ ಹೇಳುವ ಕಲ್ಲುಗಳು ನಮ್ಮ ಕೆರೆ ಏರಿಗಳ ಮೇಲೆ, ಗುಡಿಗಳ ಅಂಗಳದಲ್ಲಿ ಸಾವಿರಾರು ಇವೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನಿಗೆ ತುರುಗೊಳ್ ವೀರಗಲ್ಲು, ಹೆಂಗಸರ ಮೇಲೆ ಕೈಮಾಡಲು ಬಂದವರೊಡನೆ ಹೊಡೆದಾಡಿ ಸತ್ತವನಿಗೆ ಪೆಣ್ಬುಯ್ಯಲ್ ಕಲ್ಲು, ಊರಿಗೆ ನುಗ್ಗಿದವರನ್ನು ಎದುರಿಸಿ ಬಿದ್ದವನಿಗೆ ಊರಳಿವಿನ ಕಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸುವುದು ಕೂಡ ಬೇಗೂರಿನಲ್ಲಿರುವ, ಸುಮಾರು 890ರ ಅಂಥದೊಂದು ವೀರಗಲ್ಲಿನ ಮೇಲೆಯೇ. ಈ ಕಲ್ಲುಗಳಲ್ಲಿರುವವರು ಹೆಚ್ಚಿನಂಶ ದೊರೆಗಳಲ್ಲ. ಪಕ್ಕದ ಮನೆಯವನ ದನಕ್ಕಾಗಿ, ಎದುರು ಮನೆಯವಳ ಮಾನಕ್ಕಾಗಿ ಪ್ರಾಣ ಕೊಟ್ಟ ಸಾಮಾನ್ಯರು.

ಎಲ್ಲವೂ ವೀರರ ಮೇಲೆ ನಿಂತಿರಲಿಲ್ಲ ಎನ್ನುವುದೂ ಮುಖ್ಯ. ಹಳ್ಳಿಯ ಆಯಗಾರರಲ್ಲಿ ತಳವಾರನೂ ಒಬ್ಬ. ರಾತ್ರಿ ಊರು ಸುತ್ತುವುದು, ಹೊಸಬರು ಯಾರು ಬಂದರು, ಎಲ್ಲಿ ಇಳಿದುಕೊಂಡರು ಎಂದು ಗಮನಿಸುವುದು ಅವನ ಕೆಲಸ. ಅದಕ್ಕಾಗಿ ಬೆಳೆಯಲ್ಲಿ ಅವನಿಗೊಂದು ಪಾಲು. ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಒಂದು ಸಂಗತಿಯನ್ನು ಇಂದಿನ ಗೃಹ ಇಲಾಖೆಯವರೂ ಓದಬೇಕು: ರಾಜಧಾನಿಯಲ್ಲಿ ನಡೆದ ಕಳವಿಗೆಲ್ಲ ಅಲ್ಲಿನ ಕಾವಲಿನ ಮುಖ್ಯಾಧಿಕಾರಿಯೇ ಲೆಕ್ಕ ಕೊಡಬೇಕಿತ್ತು, ಆದ್ದರಿಂದ ಕಳ್ಳತನ ಕಡಿಮೆಯಿತ್ತು. ಇತ್ತ ಉತ್ತರ ಕರ್ನಾಟಕದ ರೈತ ತನ್ನ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದ. ಹುಳಕ್ಕೂ ಸಿಗದು, ಕೊಳ್ಳೆಗಾರರಿಗೂ ಸುಲಭಕ್ಕೆ ಸಿಗದು.

ಚಿತ್ರದುರ್ಗದ ಓಬವ್ವನ ಕಥೆಯನ್ನು ಎಲ್ಲರೂ ಬಲ್ಲರು. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಆ ಪಾತ್ರಕ್ಕೆ ಕೊಟ್ಟ ಮುಖ ಇನ್ನೂ ಕಣ್ಣ ಮುಂದಿದೆ. 2021ರಿಂದ ನವೆಂಬರ್ 11ನ್ನು ಸರ್ಕಾರ ಅವಳ ಜಯಂತಿಯಾಗಿ ಆಚರಿಸುತ್ತಿದೆ. ಕಾವಲುಗಾರ ಗಂಡ ಉಣ್ಣಲು ಕೂತ ಹೊತ್ತಿನಲ್ಲಿ, ನೀರಿಗೆ ಹೋದ ಹೆಂಗಸು ಕೋಟೆಯ ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದಳು ಎಂಬ ಧೈರ್ಯದ ಭಾಗವನ್ನು ನಾವು ಹಾಡಿ ಹೊಗಳುತ್ತೇವೆ. ಕೋಟೆಗೆ ಹೋಗಿ ಆ ಕಿಂಡಿಯ ಮುಂದೆ ಬಗ್ಗಿ ನಿಂತವರಿಗೆ ಇನ್ನೊಂದು ಭಾಗವೂ ಹೊಳೆಯುತ್ತದೆ. ಎರಡು ಬಂಡೆಗಳ ಆ ಸಂದಿಯಲ್ಲಿ ಒಬ್ಬ ಮಾತ್ರ, ಅದೂ ತಲೆ ಬಗ್ಗಿಸಿ, ಮೈ ಹಿಡಿ ಮಾಡಿಕೊಂಡು ನುಸುಳಬೇಕು. ಬಯಲಲ್ಲಿ ಆಗದ ಕೆಲಸ ಆ ಇಕ್ಕಟ್ಟಿನಲ್ಲಿ ಆಯಿತು. ಒಳಬರುವ ದಾರಿ ಕಿರಿದಾಗಿದ್ದಷ್ಟೂ ಒಳಗಿದ್ದವರ ಕೈ ಮೇಲು ಎನ್ನುವುದು ಕೋಟೆಗೆ ಎಷ್ಟು ನಿಜವೋ ಎರಡು ಕೋಣೆಯ ಬಾಡಿಗೆ ಮನೆಗೂ ಅಷ್ಟೇ ನಿಜ.

ಈಗ ನಗರದ ಬೀದಿಗೆ ಬರೋಣ. ಬೆಳಿಗ್ಗೆ ಆರೂವರೆ. ಸಾಲು ಮನೆಗಳ ಮುಂದೆ ನೀರು ಚಿಮುಕಿಸಿ ರಂಗೋಲಿ ಎಳೆದಾಗಿದೆ. ಒಂದು ಮನೆಯ ಮುಂದೆ ಮಾತ್ರ ಮೊನ್ನೆಯ ರಂಗೋಲಿ ಕಾಲಿಗೆ ಸಿಕ್ಕಿ ಅಳಿದಿದೆ. ಗೇಟಿನೊಳಗೆ ಎರಡು ದಿನದ ಪತ್ರಿಕೆ ಬಿದ್ದಿದೆ. ಹಗಲಾದರೂ ಜಗುಲಿಯ ದೀಪ ಉರಿಯುತ್ತಲೇ ಇದೆ. ಗ್ರಿಲ್ಲಿನ ಹೊರಗೆ ಮುಷ್ಟಿಯಷ್ಟು ದೊಡ್ಡ ಬೀಗ ನೇತಾಡುತ್ತಿದೆ. ಮನೆಯವರ ದೃಷ್ಟಿಯಲ್ಲಿ ಆ ಬೀಗ ಭದ್ರತೆ. ಬೈಕಿನಲ್ಲಿ ನಿಧಾನ ಹೋಗುತ್ತಾ ಬೀದಿ ನೋಡುವವನಿಗೆ ಅದು ‘ಮನೆಯಲ್ಲಿ ಯಾರೂ ಇಲ್ಲ’ ಎಂಬ ಬೋರ್ಡು. ಹಬ್ಬಕ್ಕೋ ಮದುವೆಗೋ ಊರಿಗೆ ಹೊರಟವರು ಮೊಬೈಲಿನಲ್ಲಿ ರೈಲಿನೊಳಗಿನ ಫೋಟೋ ಹಾಕಿದರೆ ಬೀದಿ ಸುತ್ತುವ ಶ್ರಮವೂ ತಪ್ಪುತ್ತದೆ.

ಮುಂದಿನದು ಕೆಲವೇ ನಿಮಿಷಗಳ ಕೆಲಸ. ಚೌಕಟ್ಟಿಗೂ ಬಾಗಿಲಿಗೂ ನಡುವಿನ ಸಂದಿಗೆ ಕಬ್ಬಿಣದ ರಾಡು ಹೋಗುತ್ತದೆ. ಬೀಗಕ್ಕೆಂದು ಬಡಗಿ ಉಳಿಯಲ್ಲಿ ಕೆತ್ತಿದ ಜಾಗದಲ್ಲೇ ಮರ ಸೀಳುತ್ತದೆ. ಬೀಗ ಎಷ್ಟು ಲಿವರಿನದಾದರೇನು, ಅದನ್ನು ಹಿಡಿದ ಮರ ಸೋತ ಮೇಲೆ ಅದು ಹಾಗೇ ಜೋತು ಬೀಳುತ್ತದೆ. ಒಳಹೊಕ್ಕವನು ಮೊದಲು ಹಿತ್ತಲ ಬಾಗಿಲು ತೆಗೆದಿಟ್ಟುಕೊಳ್ಳುತ್ತಾನೆ, ಓಡುವ ದಾರಿ ಬೇಕಲ್ಲ. ಆಮೇಲೆ ನೇರ ಮಲಗುವ ಕೋಣೆಯ ಬೀರು. ಬೀರುವಿನ ಕೀ ಅದರ ನೆತ್ತಿಯ ಮೇಲೋ ಸೀರೆಗಳ ಅಡಿಯಲ್ಲೋ ಹಾಸಿಗೆಯ ಕೆಳಗೋ ಇರುತ್ತದೆ ಎಂದು ಅವನಿಗೆ ಗೊತ್ತು. ಕೊನೆಗೆ ದೇವರ ಮನೆಯ ಬೆಳ್ಳಿ ದೀಪ, ಕುಂಕುಮದ ಭರಣಿ. ವಾಪಸು ಬಂದ ಮನೆಯವರಿಗೆ ಕಾಣುವುದು ನೆಲದ ತುಂಬ ಚೆಲ್ಲಾಡಿದ ಬಟ್ಟೆ, ತೆರೆದುಬಿದ್ದ ಒಡವೆ ಡಬ್ಬಗಳು. ಕಳೆದುಹೋದದ್ದರ ಬೆಲೆಯನ್ನು ಲೆಕ್ಕ ಹಾಕಬಹುದು. ಆಮೇಲಿನ ಎಷ್ಟೋ ರಾತ್ರಿ ಸಣ್ಣ ಸದ್ದಿಗೂ ಎದ್ದು ಕೂರುವ ತಾಯಿಯ ನಿದ್ದೆಯನ್ನು ಯಾವ ಪಂಚನಾಮೆಯಲ್ಲೂ ಬರೆಯುವುದಿಲ್ಲ.

ಮಲೆನಾಡು, ಕರಾವಳಿಯ ಹೆಂಚಿನ ಮನೆಗಳಲ್ಲಿ ದಾರಿ ಬೇರೆ. ಮಾಡಿನ ಹೆಂಚು ಸರಿಸಿ ಒಳಗಿಳಿಯುತ್ತಾರೆ. ಹಿಂದಿನವರು ಮಲಗುವ ಕೋಣೆಗೂ ಉಗ್ರಾಣಕ್ಕೂ ಹೆಂಚಿನಡಿ ಮರದ ಮುಚ್ಚಿಗೆ ಹೊಡೆಸುತ್ತಿದ್ದುದು ಚೆಂದಕ್ಕಷ್ಟೇ ಅಲ್ಲ.

ಪರಿಹಾರಗಳಲ್ಲಿ ಹೆಚ್ಚಿನವು ಅಗ್ಗದವು. ಚಿಲಕದ ತಗಡಿಗೆ ಚೌಕಟ್ಟು ದಾಟಿ ಗೋಡೆಗೆ ಇಳಿಯುವಂಥ ಮೂರಂಗುಲದ ಸ್ಕ್ರೂ ಹಾಕಿಸುವುದು, ಹೊರಗೆ ಕಾಣುವ ಬೀಗದ ಬದಲು ಬಾಗಿಲೊಳಗೆ ಕೂರುವ ಇಂಟರ್‌ಲಾಕ್, ಮಲಗುವಾಗ ಒಳಗಿನಿಂದ ಹಾಕಲು ಕಬ್ಬಿಣದ ಅಡ್ಡಪಟ್ಟಿ, ಹಿತ್ತಲ ಬಾಗಿಲಿಗೂ ಮುಂಬಾಗಿಲಷ್ಟೇ ಗಟ್ಟಿ ಕಬ್ಬಿಣ, ಊರಿನಲ್ಲಿಲ್ಲದಾಗ ಸಂಜೆ ಹತ್ತಿ ರಾತ್ರಿ ಆರುವ ಟೈಮರಿನ ಒಂದು ಬಲ್ಬು. ಕೀಲಿಯನ್ನು ಹೂಕುಂಡದಡಿ, ಚಪ್ಪಲಿ ಸ್ಟ್ಯಾಂಡಿನಲ್ಲಿ, ಮೀಟರ್ ಪೆಟ್ಟಿಗೆಯಲ್ಲಿ ಇಡುವ ಅಭ್ಯಾಸ ಇಂದೇ ನಿಲ್ಲಬೇಕು. ಕಿಟಕಿಯ ಸರಳುಗಳನ್ನು ಹೊರಗಿನಿಂದ ಸ್ಕ್ರೂ ಬಿಗಿದು ನಿಲ್ಲಿಸಿದ್ದರೆ ಅವು ಯಾರನ್ನೂ ತಡೆಯುವುದಿಲ್ಲ. ಒಡವೆಗೆ ಬ್ಯಾಂಕಿನ ಲಾಕರು ಮೇಲು. ರಿಸರ್ವ್ ಬ್ಯಾಂಕಿನ 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ ಲಾಕರಿನಲ್ಲಿ ಕಳವು, ಬೆಂಕಿ, ನೌಕರರ ಮೋಸ ಮುಂತಾದವು ನಡೆದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ ಎಂಬುದನ್ನೂ ತಿಳಿದಿರಬೇಕು. ಚಿನ್ನದ ಪೂರ್ತಿ ಬೆಲೆ ಅಲ್ಲೂ ಸಿಗದು. ಒಡವೆಗೆ ಬೇರೆ ವಿಮೆ ಮಾಡಿಸುವುದು ವಿವೇಕ.

ಕ್ಯಾಮೆರಾ? ಇರಲಿ. ತನಿಖೆಗೆ ಅದು ಬಹಳ ಸಲ ನೆರವಾಗಿದೆ. ಆದರೆ ಅದು ನೋಡುತ್ತದೆಯೇ ಹೊರತು ತಡೆಯುವುದಿಲ್ಲ. ಎಷ್ಟೋ ಕಡೆ ಕಳ್ಳರು ಹೋಗುವಾಗ ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ದಿದ್ದಾರೆ. ಟಿವಿಯ ಪಕ್ಕ ಅದನ್ನಿಟ್ಟರೆ ಇನ್ನೇನಾಗುತ್ತದೆ?

ಮನುಷ್ಯ ಕಾವಲಿನ ಸ್ಥಿತಿ ಅಷ್ಟೇನೂ ಸಮಾಧಾನಕರವಲ್ಲ. ರಾತ್ರಿ ಎರಡು ಗಂಟೆಗೆ ಕೋಲು ನೆಲಕ್ಕೆ ಕುಟ್ಟಿ ಸೀಟಿ ಊದುತ್ತಾ ಹೋಗುತ್ತಿದ್ದ ನೇಪಾಳದ ಗೂರ್ಖಾ, ತಿಂಗಳ ಮೊದಲ ವಾರ ಮನೆ ಮನೆಗೆ ಬಂದು ಸಲಾಮು ಹೊಡೆದು ಕಾಸು ಪಡೆಯುತ್ತಿದ್ದ. ಬೀದಿಯ ಪ್ರತಿ ಮನೆಯೂ ಅವನಿಗೆ ಗೊತ್ತಿತ್ತು. ಅವನ ಜಾಗಕ್ಕೆ ಈಗ ಏಜೆನ್ಸಿಯ ಸೆಕ್ಯೂರಿಟಿ ಬಂದಿದ್ದಾರೆ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯ ಮಾದರಿ ನಿಯಮಗಳು ಪ್ರತಿ ಕಾವಲುಗಾರನಿಗೆ 100 ಗಂಟೆ ತರಗತಿ, 60 ಗಂಟೆ ಹೊರಗಿನ ತರಬೇತಿ ಆಗಬೇಕೆನ್ನುತ್ತವೆ, ಪೊಲೀಸ್ ಪರಿಶೀಲನೆಯನ್ನೂ ಕೇಳುತ್ತವೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ 12 ಗಂಟೆಯ ಪಾಳಿ ಮುಗಿಸಿ, ಬದಲಿ ಬಾರದೆ ಇನ್ನೊಂದು ಪಾಳಿಗೂ ಕೂತು ಅಲ್ಲೇ ತೂಕಡಿಸುವ ವೃದ್ಧನನ್ನು ಕಂಡವರಿಗೆ ಆ ನಿಯಮ ಎಷ್ಟು ಪಾಲನೆಯಾಗುತ್ತಿದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅವನಿಗೆ ತಕ್ಕ ಸಂಬಳ, ಕೂರಲು ನೆರಳು, ನಿದ್ದೆಗೆ ಬಿಡುವು ಕೊಡದ ನಿವಾಸಿಗಳ ಸಂಘ ಅವನ ನಿದ್ದೆಯನ್ನು ದೂರುವುದು ನ್ಯಾಯವಲ್ಲ.

ಪೊಲೀಸರ ಗಸ್ತು ಇದೆ. ಬೀಟಿನ ಪೇದೆ ಆಯ್ದ ಮನೆಗಳಲ್ಲಿಟ್ಟ ಪಾಯಿಂಟ್ ಪುಸ್ತಕಕ್ಕೆ ರಾತ್ರಿ ಸಹಿ ಹಾಕಿ ಹೋಗುವ ಪದ್ಧತಿ ಹಳೆಯದು; ಈಗ ಹಲವೆಡೆ ಅದು ಮೊಬೈಲ್ ಸ್ಕ್ಯಾನಿಗೆ ಬದಲಾಗಿದೆ. 2025ರ ಜುಲೈನಲ್ಲಿ ರಾಜ್ಯ ಸರ್ಕಾರ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮ ಆರಂಭಿಸಿತು. ಬೀಟಿನ ಸಿಬ್ಬಂದಿಯೇ ಬಾಗಿಲಿಗೆ ಬಂದು ಪರಿಚಯ ಮಾಡಿಕೊಂಡು ಅಹವಾಲು ಕೇಳಬೇಕೆಂಬುದು ಅದರ ಉದ್ದೇಶ. ಇದು ಸರಿಯಾದ ದಿಕ್ಕು, ಮುಂದುವರಿಯಬೇಕು. ತಳವಾರನಿಗೆ ಇದ್ದ ಬಲ ಅವನ ದೊಣ್ಣೆಯದಲ್ಲ, ಊರಿನವರ ಪರಿಚಯದ್ದು.

ಇಷ್ಟೆಲ್ಲ ಖಾಲಿ ಮನೆಯ ಮಾತು. ಜನ ಇರುವಾಗಲೇ ನುಗ್ಗುವವರ ಸಂಗತಿ ಬೇರೆ, ಭಯಾನಕ. 1990ರ ದಶಕದ ಕೊನೆಯಲ್ಲಿ ಬೆಂಗಳೂರು ಸುತ್ತಮುತ್ತ ಒಂದು ಗುಂಪು ಮಟಮಟ ಮಧ್ಯಾಹ್ನ, ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಬಾಗಿಲು ತಟ್ಟಿ ಕುಡಿಯಲು ನೀರು ಕೇಳುತ್ತಿತ್ತು. ನೀರು ತರಲು ಒಳಗೆ ತಿರುಗಿದ ಹೆಂಗಸು ಮತ್ತೆ ಹೊರಬರುತ್ತಿರಲಿಲ್ಲ. ಹೊಸಕೋಟೆ ತಾಲ್ಲೂಕಿನ ದಂಡುಪಾಳ್ಯದ ಹೆಸರು ಹೊತ್ತ ಆ ತಂಡದ ಹಲವರಿಗೆ ವಿಚಾರಣಾ ನ್ಯಾಯಾಲಯ ಗಲ್ಲು ಶಿಕ್ಷೆ ವಿಧಿಸಿತ್ತು. 2012ರಲ್ಲಿ ಅದೇ ಹೆಸರಿನ ಸಿನಿಮಾ ಕೂಡ ಬಂತು. ಬಾಗಿಲಿಗೆ ಬಂದವರಿಗೆ ನೀರು ಕೊಡುವುದು ಪುಣ್ಯ ಎಂದು ನಂಬಿದ ನಾಡಿನ ಒಂದು ಒಳ್ಳೆಯ ಅಭ್ಯಾಸವನ್ನೇ ಅವರು ಕೊಂದರು. ಆಮೇಲೆ ಬಾಗಿಲಿಗೆ ಸೇಫ್ಟಿ ಚೈನು, ಕಣ್ಣಿಟ್ಟು ನೋಡುವ ತೂತು ಬೇಡವೆಂದ ಮನೆ ನಗರದಲ್ಲಿ ಕಡಿಮೆ. ನೀರನ್ನು ಈಗಲೂ ಕೊಡಬಹುದು, ಕಿಟಕಿಯಿಂದ ಅಥವಾ ಗ್ರಿಲ್ಲಿನ ಸಂದಿಯಿಂದ.

2024ರ ಜುಲೈ 9ರ ನಸುಕಿನಲ್ಲಿ ಮಂಗಳೂರಿನ ಮನೆಯೊಂದಕ್ಕೆ ನುಗ್ಗಿದ ‘ಚಡ್ಡಿ ಗ್ಯಾಂಗ್’ ವೃದ್ಧ ದಂಪತಿಯ ಮೇಲೆ ಹಲ್ಲೆ ನಡೆಸಿ, ಒಡವೆ, ಹಣ ದೋಚಿ, ಅವರದೇ ಕಾರಿನಲ್ಲಿ ಪರಾರಿಯಾಯಿತು. ಸುದ್ದಿ ಬೇಗ ಹರಡಿದ್ದರಿಂದ, ಜಿಲ್ಲೆ ಜಿಲ್ಲೆಯ ಪೊಲೀಸರು ಕೈ ಜೋಡಿಸಿದ್ದರಿಂದ, ತಂಡದ ನಾಲ್ವರೂ ಅದೇ ದಿನ ಸಕಲೇಶಪುರದ ಬಳಿ ಸಿಕ್ಕಿಬಿದ್ದರು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು, ಅಪ್ಪ ಅಮ್ಮ ಇಬ್ಬರೇ ದೊಡ್ಡ ಮನೆಯಲ್ಲಿ ಉಳಿದಿರುವುದು ಕರಾವಳಿಯ ಬೀದಿ ಬೀದಿಯ ಚಿತ್ರ. ಇಂಥವರ ಪಾಲಿಗೆ ಹಾಸಿಗೆಯ ಪಕ್ಕ ಕೈಗೆ ಸಿಗುವ ಮೊಬೈಲು, ಅದರಲ್ಲಿ ಮೊದಲು ಬರುವ ನೆರೆಮನೆಯ ನಂಬರು, ಮಲಗುವ ಕೋಣೆಗೊಂದು ಒಳಚಿಲಕ, ಇವು ಯಾವ ಆಯುಧಕ್ಕಿಂತಲೂ ಹೆಚ್ಚು. ಬೆಂಗಳೂರಿನಲ್ಲಿ ಹಿರಿಯರಿಗೆಂದೇ 2002ರಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಟ್ರಸ್ಟ್ ಆರಂಭಿಸಿದ 1090 ಸಹಾಯವಾಣಿ ಇದೆ. ದೇಶಕ್ಕೆಲ್ಲ 14567 ಇದೆ. ತುರ್ತಿಗೆ ಎಲ್ಲರಿಗೂ 112. ನುಗ್ಗಿದವನು ಚಾಕು ಹಿಡಿದು ಬೀರು ತೆಗೆ ಎಂದರೆ ತೆಗೆದುಕೊಡುವುದೇ ಸರಿ. ಇದು ಹೇಡಿತನವಲ್ಲ. ಮಾಂಗಲ್ಯವನ್ನು ಮತ್ತೆ ಮಾಡಿಸಬಹುದು.

ಆದರೆ ಬಿಟ್ಟುಕೊಟ್ಟರೂ ಬಿಡದೆ ಮೈಮೇಲೆ ಬಿದ್ದರೆ? ಇಲ್ಲಿಂದ ಕಾನೂನಿನ ಮಾತು ಬರುತ್ತದೆ. ಈ ಬಗ್ಗೆ ಎರಡು ತಪ್ಪು ನಂಬಿಕೆಗಳು ಊರೆಲ್ಲ ಓಡಾಡುತ್ತವೆ: ಕಳ್ಳನಿಗೆ ಹೊಡೆದರೆ ನಮಗೇ ಜೈಲು ಎನ್ನುವುದು ಒಂದು; ಮನೆಯೊಳಗೆ ಬಂದವನನ್ನು ಏನು ಮಾಡಿದರೂ ಕೇಳುವವರಿಲ್ಲ ಎನ್ನುವುದು ಇನ್ನೊಂದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. ಹಳೆಯ ದಂಡ ಸಂಹಿತೆಯಲ್ಲಿ ಇವೇ 96ರಿಂದ 106ರವರೆಗೆ ಇದ್ದವು. ತನ್ನ ದೇಹ, ತನ್ನ ಸ್ವತ್ತು ಮಾತ್ರವಲ್ಲ, ಇನ್ನೊಬ್ಬರ ದೇಹ, ಸ್ವತ್ತನ್ನೂ ಕಾಪಾಡಲು ಬಲ ಬಳಸುವುದು ಅಪರಾಧವಲ್ಲ. ಸ್ವತ್ತಿನ ರಕ್ಷಣೆಯಲ್ಲಿ ಎದುರಾಳಿಯ ಸಾವು ಸಂಭವಿಸಿದರೂ ಹಕ್ಕು ಉಳಿಯುವ ಸಂದರ್ಭಗಳನ್ನು 41ನೇ ಕಲಮು ಎಣಿಸುತ್ತದೆ: ಸುಲಿಗೆ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ನಡೆಯುವ ಕನ್ನಗಳವು, ವಾಸದ ಮನೆಗೆ ಬೆಂಕಿ ಅಥವಾ ಸ್ಫೋಟಕ ಇಡುವುದು, ಪ್ರಾಣಕ್ಕೋ ತೀವ್ರ ಗಾಯಕ್ಕೋ ಅಂಜಿಕೆ ಹುಟ್ಟುವಂತೆ ನಡೆಯುವ ಕಳವು ಅಥವಾ ಮನೆಯ ಅತಿಕ್ರಮ ಪ್ರವೇಶ. ಹಗಲು ಹೊತ್ತಿನಲ್ಲಿ ಅಂಗಳದ ಸೈಕಲ್ ಕದಿಯುವವನಿಗೆ ಇದು ಅನ್ವಯಿಸದು. ಅವನನ್ನು ತಡೆಯಬಹುದು, ಹಿಡಿಯಬಹುದು, ಕೊಲ್ಲುವಂತಿಲ್ಲ. ಮಿತಿ 37ನೇ ಕಲಮಿನಲ್ಲಿದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ.

ಕತ್ತಲಲ್ಲಿ ಎದ್ದು ಕೂತ ಮನುಷ್ಯ ಎಷ್ಟು ಬಲ ಬೇಕೆಂದು ಅಳೆದು ತೂಗಲು ಸಾಧ್ಯವೇ? ಸಾಧ್ಯವಿಲ್ಲವೆಂದು ನ್ಯಾಯಾಲಯಗಳೂ ಒಪ್ಪಿವೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಮತ್ತು ಅಶೋಕ್ ಕುಮಾರ್ ಗಂಗೂಲಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದನ್ನು ವಿವರವಾಗಿ ಹೇಳಿತು. ಕಾನೂನು ಪಾಲಿಸುವ ಪ್ರಜೆ ದಾಳಿಯೆದುರು ಬೆನ್ನು ತೋರಿಸಿ ಓಡಬೇಕೆಂದು ಕಾನೂನು ಬಯಸುವುದಿಲ್ಲ; ಅಪಾಯ ನಿಜಕ್ಕೂ ಇರಲೇಬೇಕೆಂದಿಲ್ಲ, ಇದೆಯೆಂಬ ಸಕಾರಣವಾದ ಅಂಜಿಕೆ ಸಾಕು; ಆದರೆ ಅಂಜಿಕೆ ಮುಗಿದಲ್ಲಿ ಹಕ್ಕೂ ಮುಗಿಯಿತು. ರಾತ್ರಿ ನುಗ್ಗಿದವನು ಮನೆಯೊಳಗೆ ಇರುವಷ್ಟು ಹೊತ್ತು ಎದುರಿಸಬಹುದು. ಅವನು ಕೈಯಲ್ಲಿದ್ದುದನ್ನು ಬಿಸಾಡಿ ಕಾಂಪೌಂಡ್ ಹಾರಿದ ಮೇಲೆ ಬೀದಿಯ ಕೊನೆಯವರೆಗೆ ಅಟ್ಟಿಸಿಕೊಂಡು ಹೋಗಿ ತಲೆಗೆ ಹೊಡೆದರೆ ಅದು ರಕ್ಷಣೆಯಲ್ಲ, ಸೇಡು. ಪೊಲೀಸರು ಪ್ರಕರಣ ದಾಖಲಿಸಬಹುದು, ಕೋರ್ಟಿನಲ್ಲಿ ಉತ್ತರ ಹೇಳಬೇಕಾಗಬಹುದು ಎಂಬುದನ್ನೂ ಮನೆಯವರು ತಿಳಿದಿರಬೇಕು. ಹಕ್ಕು ಬಳಸಿದೆನೆಂದು ತೋರಿಸುವ ಹೊಣೆ ಆರೋಪಿಯದು. ಅನುಮಾನಕ್ಕೆಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹಾಗಾಗಿರುವ ಸಂಭವವೇ ಹೆಚ್ಚೆಂದು ತೋರಿಸಿದರೆ ಸಾಕು.

ಹಳ್ಳಿಗಳಲ್ಲಿ ತೋಟಕ್ಕೆ, ಕೆಲವೊಮ್ಮೆ ಹಿತ್ತಲಿಗೂ ಕರೆಂಟ್ ತಂತಿ ಎಳೆಯುವ ಕೆಟ್ಟ ರೂಢಿ ಇದೆ. ಹಾಗೆ ಎಳೆಯುವವರೆಲ್ಲ ಬಿಹಾರದ ಚೆರುಬಿನ್ ಗ್ರೆಗೊರಿ ಪ್ರಕರಣವನ್ನು ತಿಳಿಯಬೇಕು. ನೆರೆಯವರು ತನ್ನ ಪಾಯಿಖಾನೆ ಬಳಸುವುದನ್ನು ತಡೆಯಲು ಆತ ದಾರಿಗೆ ಕರೆಂಟ್ ಹರಿಯುವ ಬರಿ ತಾಮ್ರದ ತಂತಿ ಕಟ್ಟಿದ್ದ. ತಗುಲಿ ಹೆಂಗಸೊಬ್ಬಳು ಸತ್ತಳು. ಅತಿಕ್ರಮ ಮಾಡಿದವಳೆಂಬ ಮಾತ್ರಕ್ಕೆ ಅವಳ ಜೀವಕ್ಕೆ ಬೆಲೆಯಿಲ್ಲ ಎನ್ನಲಾಗದು ಎಂದು 1963ರಲ್ಲಿ ಸುಪ್ರೀಂ ಕೋರ್ಟ್ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು. ತಂತಿಗೆ ಕಳ್ಳ ಯಾರು, ಚೆಂಡು ಹುಡುಕಿ ಬಂದ ಮಗು ಯಾರು ಎಂಬ ಭೇದ ತಿಳಿಯುವುದಿಲ್ಲ.

ಬಂದೂಕಿನ ಪ್ರಶ್ನೆಯಲ್ಲಿ ಕರ್ನಾಟಕಕ್ಕೆ ಬೇರೆಲ್ಲೂ ಇಲ್ಲದ ಅನುಭವವೊಂದಿದೆ. ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ 1861ರಲ್ಲಿ ಕೊಟ್ಟ ವಿನಾಯಿತಿಯ ಮುಂದುವರಿಕೆ ಇದು. 2019ರ ಕೇಂದ್ರ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಮಾನ್ಯ ಮಾಡಿತು. ಕೊಡವ ಕುಟುಂಬಗಳ ಮೂಲಮನೆಯಾದ ಐನ್‌ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ತೋಕಿಗೆ, ಅಂದರೆ ಬಂದೂಕಿಗೆ, ಹೂ ಮುಡಿಸಿ ಪೂಜಿಸುತ್ತಾರೆ. ನೆರೆಮನೆ ಮೈಲಿ ದೂರವಿರುವ ಕಾಫಿ ತೋಟದ ಬದುಕಿಗೆ ಅದು ಆಸರೆ. ಆದರೆ ಅಲ್ಲಿ ಆಯುಧದ ಜೊತೆಗೆ ಅದನ್ನು ಹಿಡಿಯುವ ಶಿಸ್ತೂ ತಲೆಮಾರುಗಳಿಂದ ಬಂದಿದೆ. ಎರಡು ಅಡಿ ಅಂತರದಲ್ಲಿ ಮನೆಗಳಿರುವ ನಗರದ ಗಲ್ಲಿಗೆ ಅದನ್ನು ತರಬೇಕೆನ್ನುವುದು ಅಪಾಯದ ಮಾತು.

ಬಂದೂಕು ಮನೆ ಮನೆಯಲ್ಲಿರುವ ದೇಶದ ಪಾಠವೂ ಅದೇ. ಮನೆಯೇ ಮಾಲೀಕನ ಕೋಟೆ ಎಂಬ ತತ್ವ ಇಂಗ್ಲೆಂಡಿನ 1604ರ ಸೆಮೇನ್ ಪ್ರಕರಣದಿಂದ ಬೆಳೆದು, ಅಮೆರಿಕದಲ್ಲಿ ಬಹಳ ಮುಂದಕ್ಕೆ ಹೋಯಿತು. 1992ರಲ್ಲಿ ಲೂಸಿಯಾನಾದಲ್ಲಿ ಪಾರ್ಟಿಗೆ ಹೊರಟ 16 ವರ್ಷದ ಜಪಾನೀ ವಿದ್ಯಾರ್ಥಿ ಯೊಶಿಹಿರೊ ಹಟ್ಟೋರಿ ವಿಳಾಸ ತಪ್ಪಿ ಬೇರೆ ಮನೆಯ ಕರೆಗಂಟೆ ಒತ್ತಿದ. ಮನೆಯಾತ ಗುಂಡು ಹೊಡೆದು ಕೊಂದ. ಜ್ಯೂರಿ ಅವನನ್ನು ಬಿಡುಗಡೆ ಮಾಡಿತು. ಅಲ್ಲಿ ನೆಲೆಸಿದ ಕನ್ನಡಿಗರಿಗೂ ಉಳಿದ ಭಾರತೀಯರಿಗೂ ಇನ್ನೊಂದು ಭಯವಿದೆ. ಭಾರತೀಯರ ಮನೆಯಲ್ಲಿ ಚಿನ್ನವಿರುತ್ತದೆಂದು ಅಲ್ಲಿನ ಕಳ್ಳರಿಗೂ ತಿಳಿದಿದೆ. ಹಲವು ರಾಜ್ಯಗಳಲ್ಲಿ ಏಷ್ಯಾ ಮೂಲದವರ ಮನೆಗಳನ್ನೇ ಹುಡುಕಿ ನುಗ್ಗುತ್ತಿದ್ದ ತಂಡವೊಂದರ ಮುಖ್ಯಸ್ಥೆಗೆ 2019ರಲ್ಲಿ ಡೆಟ್ರಾಯ್ಟಿನ ಫೆಡರಲ್ ನ್ಯಾಯಾಲಯ 37 ವರ್ಷದ ಸೆರೆವಾಸ ವಿಧಿಸಿತು. ಮದುವೆ, ಗೃಹಪ್ರವೇಶಗಳ ಒಡವೆ ತೊಟ್ಟ ಫೋಟೋಗಳನ್ನು ಊರೆಲ್ಲ ನೋಡುವಂತೆ ಹಾಕದಿರುವುದು ಅಲ್ಲಿಗೂ ಇಲ್ಲಿಗೂ ಒಳ್ಳೆಯದು.

ಅತಿಯಾದ ಭಯ ಏನು ಮಾಡುತ್ತದೆಂದು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ತರುಣ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ಅವನ ಜೊತೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ಸಂದೇಶ ಅವರಿಗಿಂತ ಮುಂದೆ ಓಡಿತ್ತು. ಅದಕ್ಕೆ ಎರಡು ತಿಂಗಳ ಮುಂಚೆ ಬೆಂಗಳೂರಿನಲ್ಲೇ ರಾಜಸ್ಥಾನದ ಕಾರ್ಮಿಕನೊಬ್ಬ ಇಂಥದೇ ಗಾಳಿಸುದ್ದಿಗೆ ಬಲಿಯಾಗಿದ್ದ. ಹಿಡಿದ ಕಳ್ಳನನ್ನು ಕಂಬಕ್ಕೆ ಕಟ್ಟಿ ಹೊಡೆಯುವುದು ಅಪರಾಧ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ ಸಾಮಾನ್ಯ ಪ್ರಜೆಯೂ ಅವನನ್ನು ಹಿಡಿಯಬಹುದು. ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು.

ಅನುಮಾನ ಮೊದಲು ಯಾರ ಮೇಲೆ ಹೋಗುತ್ತದೆ ಎಂಬುದಕ್ಕೂ ಇತಿಹಾಸವಿದೆ. 1871ರ ಕಾಯ್ದೆಯಿಂದ ಬ್ರಿಟಿಷರು ಇಡೀ ಸಮುದಾಯಗಳನ್ನು ಹುಟ್ಟು ಕಳ್ಳರೆಂದು ಪಟ್ಟಿ ಮಾಡಿದರು. ಹುಬ್ಬಳ್ಳಿಯಲ್ಲಿ ಅಂಥವರನ್ನು ಬೇಲಿಯೊಳಗಿಟ್ಟ ಜಾಗಕ್ಕೆ ಈಗಲೂ ‘ಸೆಟ್ಲ್‌ಮೆಂಟ್’ ಎಂದೇ ಹೆಸರು. ಕಾಯ್ದೆ 1952ರಲ್ಲಿ ರದ್ದಾಯಿತು, ಆದರೆ ಅನುಮಾನ ರದ್ದಾಗಲಿಲ್ಲ. ಉಂಗುರ ಕಾಣದಿದ್ದರೆ ಮೊದಲು ಮನೆಗೆಲಸದವಳ ಚೀಲ ತಡಕುವವರು, ಹತ್ತು ವರ್ಷ ತಮ್ಮ ಮಕ್ಕಳನ್ನು ಎತ್ತಿ ಆಡಿಸಿದ ಕೈಗಳಿಗೆ ಮಾಡುವ ಅವಮಾನ ದೊಡ್ಡದು.

ಕಳವು ಆಗಿಯೇ ಬಿಟ್ಟರೆ ಏನನ್ನೂ ಮುಟ್ಟದೆ, ಗುಡಿಸದೆ, 112ಕ್ಕೆ ಕರೆ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಬೇಕು. ವಿಮೆಗೂ ಅದು ಬೇಕು. ಸಿಕ್ಕ ಮಾಲನ್ನು ವರ್ಷಗಟ್ಟಲೆ ಠಾಣೆಯಲ್ಲಿ ಕೊಳೆಹಾಕದೆ, ಫೋಟೋ, ಪಂಚನಾಮೆ ಮಾಡಿಕೊಂಡು ಬೇಗ ಮಾಲೀಕರಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಠಾಣೆಯ ಮೇಜಿನ ಮೇಲೆ ಸಾಲಾಗಿ ಇಟ್ಟ ಸರಗಳ ನಡುವೆ ತನ್ನದನ್ನು ಗುರುತಿಸಲು ಬಂದ ಹೆಂಗಸಿಗೆ ಆಗ ನೆರವಾಗುವುದು ಅಂಗಡಿಯ ರಸೀದಿ, ಒಡವೆಯ ಹತ್ತಿರದ ಫೋಟೋ. ಅವೆರಡನ್ನೂ ಇವತ್ತೇ ತೆಗೆದಿಡಿ, ಒಡವೆಯ ಬೀರುವಿನಲ್ಲಲ್ಲ, ಬೇರೆ ಕಡೆ. ಸಂಜೆ ಎದುರು ಮನೆಯ ಕದ ತಟ್ಟಿ ನಿಮ್ಮ ನಂಬರು ಕೊಟ್ಟು, ಅವರದನ್ನು ಬರೆದುಕೊಂಡು ಬನ್ನಿ. ಮುಂದಿನ ಸಲ ಅವರು ಊರಿಗೆ ಹೊರಟಾಗ ಅವರ ಗೇಟಿನ ಪತ್ರಿಕೆ ಎತ್ತಿಡಿ, ನಿಮ್ಮ ಮನೆಯ ಮುಂದೆ ರಂಗೋಲಿ ಎಳೆಯುವಾಗ ಅವರ ಹೊಸ್ತಿಲ ಮುಂದೆಯೂ ನಾಲ್ಕೆಳೆ ಹಾಕಿ.